ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಕೆಲಸ ಸಿಗದು
ಓದುಗರ ಪ್ರಶ್ನೆ, ನಮ್ಮ ಉತ್ತರ: ಉದ್ಯೋಗ ವಿಭಾಗ

ಇಕ್ಕಟ್ಟಿನ ಸನ್ನಿವೇಶವೊಂದನ್ನು ಮುಂದಿಟ್ಟು ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವುದು ಈಗ ಬ್ಯಾಂಕಿನಿಂದ ಹಿಡಿದು ಕಾಫಿ ತೋಟದವರೆಗೆ ಎಲ್ಲ ಸಂದರ್ಶನಗಳಲ್ಲೂ ಇದೆ. ಈ ಬಗ್ಗೆ ಕೊಡಗಿನ ಓದುಗರು ಬರೆದ ಪತ್ರಗಳಲ್ಲಿ ಎಂಟಕ್ಕೆ ಇಲ್ಲಿ ಉತ್ತರವಿದೆ. ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಬ್ಯಾಂಕ್ ಕೆಲಸದ ಸಂದರ್ಶನದಲ್ಲಿ ಹೀಗೆ ಕೇಳಿದರು: ‘ಮಾರ್ಚ್ ಕೊನೆಯ ವಾರ. ಶಾಖೆಯ ವಿಮೆ ಟಾರ್ಗೆಟ್ ಬಾಕಿ ಇದೆ. ಎಪ್ಪತ್ತು ದಾಟಿದ ಅಜ್ಜ ಒಬ್ಬರು ಎಫ್‌ಡಿ ಇಡಲು 4 ಲಕ್ಷ ತಂದಿದ್ದಾರೆ. ಅದನ್ನು ಪಾಲಿಸಿಗೆ ತಿರುಗಿಸು ಎಂದು ಮ್ಯಾನೇಜರ್ ಹೇಳುತ್ತಾರೆ. ಏನು ಮಾಡುತ್ತೀರಿ?’ ನಾನು ‘ಪ್ರಾಮಾಣಿಕತೆ ಬಿಟ್ಟು ಕೆಲಸ ಮಾಡುವುದಿಲ್ಲ’ ಎಂದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ತಪ್ಪೆಲ್ಲಾಯಿತು?
— ಬಿ.ಕಾಂ. ಪದವೀಧರೆ, ವಿರಾಜಪೇಟೆ

ತಪ್ಪು ಹೇಳಲಿಲ್ಲ, ಏನೂ ಹೇಳಲಿಲ್ಲ. ‘ನಾನು ಮೋಸ ಮಾಡುತ್ತೇನೆ’ ಎಂದು ಸಂದರ್ಶನದಲ್ಲಿ ಹೇಳುವವರು ಯಾರಿದ್ದಾರೆ? ಬಂದ ನಲವತ್ತು ಜನರೂ ಹರಿಶ್ಚಂದ್ರನ ಮೊಮ್ಮಕ್ಕಳೇ. ಆದ್ದರಿಂದ ಆ ವಾಕ್ಯಕ್ಕೆ ಅಂಕ ಬೀಳುವುದಿಲ್ಲ. ಎದುರು ಕೂತವರು ನೋಡುವುದು ಎರಡೇ: ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಡುತ್ತೀರಿ, ಮತ್ತು ಏನನ್ನು ಕಳೆದುಕೊಳ್ಳಲು ತಯಾರಿದ್ದೀರಿ. ಹಾವೂ ಸಾಯದ, ಕೋಲೂ ಮುರಿಯದ ಉತ್ತರ ಕೊಟ್ಟರೆ ಪ್ರಶ್ನೆಯೇ ಅರ್ಥವಾಗಿಲ್ಲ ಎಂದು ಅವರು ಬರೆದುಕೊಳ್ಳುತ್ತಾರೆ. ಯಾವುದನ್ನು ಮುರಿಯಲು ಬಿಟ್ಟಿರಿ ಎಂಬುದೇ ಉತ್ತರ.

ಹೀಗೆ ಹೇಳಬಹುದಿತ್ತು: ‘ಮೊದಲು ಆ ಹಿರಿಯರನ್ನೇ ಮೂರು ಮಾತು ಕೇಳುತ್ತೇನೆ. ಈ ಹಣ ಯಾವಾಗ ಬೇಕಾಗುತ್ತದೆ, ತಿಂಗಳ ಖರ್ಚಿಗೆ ಇದರ ಬಡ್ಡಿಯೇ ಆಧಾರವೇ, ವರ್ಷ ವರ್ಷ ಕಂತು ಕಟ್ಟಲು ಬೇರೆ ಆದಾಯ ಇದೆಯೇ. ಬಡ್ಡಿಯೇ ಆಧಾರ ಎಂದಾದರೆ ಎಫ್‌ಡಿ ಮಾಡಿಕೊಡುತ್ತೇನೆ. ವಿಮೆಯ ಬಗ್ಗೆ ಅವರಾಗಿಯೇ ಕೇಳಿದರೆ ಪ್ರತಿ ವರ್ಷದ ಕಂತು ಎಷ್ಟು, ನಡುವೆ ನಿಲ್ಲಿಸಿದರೆ ಎಷ್ಟು ಹೋಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮಗನನ್ನೋ ಮಗಳನ್ನೋ ಕರೆದುಕೊಂಡು ನಾಳೆ ಬನ್ನಿ ಎನ್ನುತ್ತೇನೆ. ಮ್ಯಾನೇಜರ್‌ಗೆ ಅವರ ಕೋಣೆಯಲ್ಲಿ ಹೇಳುತ್ತೇನೆ: ಸರ್, ಈ ಗ್ರಾಹಕರಿಗೆ ಇದು ಹೊಂದುವುದಿಲ್ಲ. ಸಂಬಳದ ಖಾತೆ ಇರುವ ಇಪ್ಪತ್ತು ಮಂದಿಯ ಪಟ್ಟಿ ಮಾಡಿದ್ದೇನೆ, ಇವತ್ತಿನಿಂದ ಅವರಿಗೆ ಫೋನ್ ಮಾಡುತ್ತೇನೆ. ಆದರೂ ಈ ತಿಂಗಳ ಟಾರ್ಗೆಟ್ ತಪ್ಪಬಹುದು, ನನ್ನ ಇನ್ಸೆಂಟಿವ್ ಹೋಗಬಹುದು.’

ಕೊನೆಯ ವಾಕ್ಯವನ್ನು ಬಿಡಬೇಡಿ. ಅದೇ ಮುರಿದ ಕೋಲು. ಸಂಬಳದ ಖಾತೆಯವರ ಪಟ್ಟಿಯನ್ನೂ ಬಿಡಬೇಡಿ. ‘ಆಗಲ್ಲ ಸರ್’ ಎಂದು ಕೈಚೆಲ್ಲುವವರಿಗಿಂತ ಬೇರೆ ದಾರಿ ಹಿಡಿದು ಬರುವವರು ಶಾಖೆಗೆ ಬೇಕು.

ಇಷ್ಟಾದ ಮೇಲೆ ಅವರು ಕೆದಕುತ್ತಾರೆ: ‘ಪಾಲಿಸಿ ಆಗಲೇ ಮಾಡಿಸಿ ಆಗಿದ್ದರೆ?’ ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನದೊಳಗೆ ಅದನ್ನು ಹಿಂದಿರುಗಿಸುವ ಅವಕಾಶ ಗ್ರಾಹಕರಿಗಿದೆ. ಅದಕ್ಕೆ ಫ್ರೀ ಲುಕ್ ಅವಧಿ ಎನ್ನುತ್ತಾರೆ. ಆ ದಿನಾಂಕವನ್ನು ಗ್ರಾಹಕರಿಗೆ ತಿಳಿಸುತ್ತೇನೆ ಎಂದರೆ ಕೆಲಸ ಗೊತ್ತಿರುವವರ ಉತ್ತರ ಅನ್ನಿಸುತ್ತದೆ.

ನನಗೆ ಕೆಲಸದ ಅನುಭವವೇ ಇಲ್ಲ. ‘ನೀವು ಎದುರಿಸಿದ ನೈತಿಕ ಇಕ್ಕಟ್ಟು ಹೇಳಿ’ ಎಂದರೆ ಏನು ಹೇಳಲಿ? ಒಂದು ಕಥೆ ಕಟ್ಟಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಕುಶಾಲನಗರ

ಕಟ್ಟಬೇಡಿ. ಪಾಪದ ಮಾತು ಹಾಗಿರಲಿ, ಕಟ್ಟಿದ ಕಥೆ ಮೂರನೇ ಪ್ರಶ್ನೆಗೆ ಬೀಳುತ್ತದೆ. ‘ಮೊತ್ತ ಎಷ್ಟಿತ್ತು? ಬೇರೆ ಯಾರಿಗೆ ಗೊತ್ತಿತ್ತು? ಅವನು ಏನೆಂದ? ಆಮೇಲೆ ಅವನೊಂದಿಗೆ ಮಾತು ಇತ್ತೇ?’ ನಡೆದದ್ದಾದರೆ ಇದಕ್ಕೆಲ್ಲ ಉತ್ತರ ನಾಲಿಗೆ ತುದಿಯಲ್ಲಿರುತ್ತದೆ. ಕಟ್ಟಿದ್ದಾದರೆ ಕಣ್ಣು ಮೇಲೆ ಹೋಗುತ್ತದೆ.

‘ಇಲ್ಲ, ಎದುರಿಸಿಲ್ಲ’ ಎಂಬುದೂ ಬೇಡ. ಇಪ್ಪತ್ತು ವರ್ಷ ಬದುಕಿದವರಿಗೆ ಒಂದೂ ಇಕ್ಕಟ್ಟು ಬಂದಿಲ್ಲ ಎಂದರೆ ಗಮನಿಸಿಲ್ಲ ಎಂದೇ ಅರ್ಥ. ಒಂದು ಹಾಳೆ ತೆಗೆದುಕೊಂಡು ಹುಡುಕಿ. ಗೆಳೆಯ ನಿಮ್ಮ ಲ್ಯಾಬ್ ರೆಕಾರ್ಡ್ ಕೇಳಿದ್ದು, ಗುಂಪು ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡದವನ ಹೆಸರು ಸೇರಿಸಬೇಕಾಗಿ ಬಂದದ್ದು, ಎನ್‌ಎಸ್‌ಎಸ್ ಶಿಬಿರದ ಊಟದ ಬಿಲ್ಲು. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದ ಹೆಸರು ಕೇಳದ ಮನೆ ನಮ್ಮಲ್ಲಿಲ್ಲ. ಅಂಥ ದೊಡ್ಡದಿರಲಿ, ಊರಿನ ಸಣ್ಣ ಟೂರ್ನಿಯೇ ಇರಲಿ, ಚಂದಾ ಪುಸ್ತಕ ಹಿಡಿದು ಓಡಾಡಿದವರ ಹತ್ತಿರ ಒಂದಾದರೂ ಒಳ್ಳೆಯ ಉದಾಹರಣೆ ಇದ್ದೇ ಇರುತ್ತದೆ. ರಸೀದಿ ಇಲ್ಲದೆ ಬಂದ 1,500 ರೂಪಾಯಿ, ಲೆಕ್ಕಕ್ಕೆ ಸಿಗದ ಜೆರ್ಸಿ ಬಿಲ್ಲು, ಅದನ್ನು ಬರೆದವರು ಸ್ವಂತ ಚಿಕ್ಕಪ್ಪ: ಇದಕ್ಕಿಂತ ಇಕ್ಕಟ್ಟು ಬೇಕೇ?

ಒಟ್ಟು ಉತ್ತರ ಹೆಚ್ಚೆಂದರೆ ಎರಡು ನಿಮಿಷ. ಏನಾಗಿತ್ತು ಎಂಬುದಕ್ಕೆ 20 ಸೆಕೆಂಡ್. ಇಕ್ಕಟ್ಟು ಎಲ್ಲಿತ್ತು ಎಂಬುದಕ್ಕೆ 15, ಅಂದರೆ ‘ಕೇಳಿದರೆ ಚಿಕ್ಕಪ್ಪನಿಗೆ ಅವಮಾನ, ಕೇಳದಿದ್ದರೆ ಚಂದಾ ಕೊಟ್ಟವರಿಗೆ ಮೋಸ’ ಎಂಬಂತೆ ಎರಡೂ ಬದಿಯನ್ನು ಒಂದೇ ವಾಕ್ಯದಲ್ಲಿ. ನೀವು ಏನು ಮಾಡಿದಿರಿ ಎಂಬುದಕ್ಕೆ ಪೂರ್ತಿ ಒಂದು ನಿಮಿಷ. ಉಳಿದದ್ದು ಫಲಿತಾಂಶಕ್ಕೆ. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ: ಹಿನ್ನೆಲೆ ಹೇಳುವುದರಲ್ಲೇ ಒಂದು ನಿಮಿಷ ಹೋಗಿ, ತಾವು ಮಾಡಿದ್ದನ್ನು ‘ಆಮೇಲೆ ಮಾತಾಡಿ ಸರಿ ಮಾಡಿದೆವು’ ಎಂದು ಮುಗಿಸಿಬಿಡುತ್ತಾರೆ. ‘ಮಾಡಿದೆವು’ ಅಲ್ಲ, ‘ಮಾಡಿದೆ’ ಎನ್ನಿ. ನೀವು ಅರ್ಧ ತಪ್ಪು ಮಾಡಿದ್ದರೂ ಅಡ್ಡಿಯಿಲ್ಲ. ‘ಎಲ್ಲರ ಮುಂದೆ ಕೇಳಿದೆ, ಅದು ತಪ್ಪಾಯಿತು, ಮೊದಲು ಅವರೊಬ್ಬರನ್ನೇ ಕೇಳಬೇಕಿತ್ತು’ ಎಂದರೆ ನಂಬಿಕೆ ಹೆಚ್ಚುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಎರಡು ಸಲ ಕೇಳಿ. ಬಾಯಿಪಾಠ ಮಾತ್ರ ಬೇಡ.

ಕಾಫಿ ತೋಟದಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವವರು) ಕೆಲಸಕ್ಕೆ ಹೋಗಿದ್ದೆ. ಮ್ಯಾನೇಜರ್ ಕೇಳಿದ್ದು: ‘ಕೊಯ್ಲಿನ ಸಮಯ, ಆಳಿಲ್ಲ. ಮೇಸ್ತ್ರಿ 22 ಜನರನ್ನು ಕರೆತಂದಿದ್ದಾನೆ. ಅದರಲ್ಲಿ ಒಬ್ಬ ಹುಡುಗ ಹದಿಮೂರರವನಂತೆ ಕಾಣುತ್ತಾನೆ. ಮೇಸ್ತ್ರಿ ಹದಿನೆಂಟು ಅನ್ನುತ್ತಾನೆ. ತಗಾದೆ ಮಾಡಿದರೆ 22 ಜನರನ್ನೂ ಕರೆದುಕೊಂಡು ಪಕ್ಕದ ತೋಟಕ್ಕೆ ಹೋಗುತ್ತಾನೆ.’ ನನಗೆ ಉತ್ತರ ಹೊಳೆಯಲಿಲ್ಲ.
— ಓದುಗರು, ಸಿದ್ದಾಪುರ

ಪ್ರಶ್ನೆ ಕೇಳಿದವರಿಗೆ ತೋಟ ಗೊತ್ತು. ಆದ್ದರಿಂದ ತೋಟದ ಭಾಷೆಯಲ್ಲೇ ಉತ್ತರಿಸಬೇಕು.

ಇಲ್ಲಿ ಕೆಲವು ಸಂಗತಿ ಚರ್ಚೆಗೆ ಬರುವುದೇ ಇಲ್ಲ. 14 ವರ್ಷದೊಳಗಿನ ಮಕ್ಕಳನ್ನು ಕೂಲಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ತಡೆ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ ಶಿಕ್ಷೆ 6 ತಿಂಗಳಿಂದ 2 ವರ್ಷ ಸೆರೆ, ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಕಾನೂನು ಉಪನ್ಯಾಸ ಯಾರಿಗೂ ಬೇಡ. ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ. ವಯಸ್ಸು ಖಚಿತವಿಲ್ಲ, ಹಣ್ಣು ಗಿಡದಲ್ಲಿದೆ, ಹುಡುಗನನ್ನು ಗೇಟಿನ ಹೊರಗೆ ಕಳಿಸಿದರೆ ಅವನು ಹೋಗುವುದು ಶಾಲೆಗಲ್ಲ, ಪಕ್ಕದ ತೋಟಕ್ಕೆ.

ಹೆಜ್ಜೆಗಳು ಈ ಕ್ರಮದಲ್ಲಿರಲಿ. ಹುಡುಗನನ್ನು ಆ ಕ್ಷಣದಿಂದಲೇ ಕೆಲಸದಿಂದ ಬಿಡಿಸಿ ಲೈನ್ ಮನೆಗೆ (ಕಾರ್ಮಿಕರ ಸಾಲುಮನೆಗೆ), ಅವನ ಮನೆಯವರ ಹತ್ತಿರ ಕಳಿಸುವುದು. ವಯಸ್ಸು ಖಚಿತವಾಗುವವರೆಗೆ ಕಾಯುವುದಲ್ಲ, ಅನುಮಾನವೇ ಸಾಕು. ಆಮೇಲೆ ದಾಖಲೆ: ಶಾಲೆಯ ಪ್ರಮಾಣಪತ್ರ ಅಥವಾ ಜನನ ಪತ್ರ. ಆಧಾರ್ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಅದು ವಯಸ್ಸಿನ ಪುರಾವೆಯಾಗಿ ಗಟ್ಟಿಯಲ್ಲ. ಆಗಲೇ ಕೊಯ್ದಿದ್ದರೆ ಆ ಕಿಲೋ ಲೆಕ್ಕದ ಕೂಲಿ ಮನೆಯವರಿಗೆ ಕೊಡಬೇಕು, ಆದರೆ ಚೆಕ್‌ರೋಲ್‌ನಲ್ಲಿ (ಹಾಜರಿ-ಕೂಲಿ ಪುಸ್ತಕದಲ್ಲಿ) ಅಕ್ಕನ ಹೆಸರಿಗೋ ಅಪ್ಪನ ಹೆಸರಿಗೋ ಸೇರಿಸಿ ಮುಚ್ಚಬಾರದು. ಇಲ್ಲೇ ಅನೇಕ ಅಭ್ಯರ್ಥಿಗಳು ಎಡವುತ್ತಾರೆ. ‘ಅಪ್ಪನ ಲೆಕ್ಕದಲ್ಲಿ ಬರೆದುಕೊಳ್ಳುತ್ತೇನೆ’ ಎಂದು ಉಪಾಯ ಹೇಳಿದಂತೆ ಹೇಳುತ್ತಾರೆ. ಅದು ಸುಳ್ಳು ದಾಖಲೆ, ರೈಟರ್ ಕೆಲಸಕ್ಕೆ ಅದಕ್ಕಿಂತ ದೊಡ್ಡ ಅನರ್ಹತೆ ಇಲ್ಲ. ಅದೇ ದಿನ ಮ್ಯಾನೇಜರ್‌ಗೆ ಮೊದಲು ಬಾಯಲ್ಲಿ, ಸಂಜೆಗೆ ಎರಡು ಸಾಲು ಬರಹದಲ್ಲಿ. ಮನೆಯವರು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ ಎನ್ನಿಸಿದರೆ ಮಕ್ಕಳ ಸಹಾಯವಾಣಿ 1098.

ಇನ್ನು ಮೇಸ್ತ್ರಿ. ಅವನನ್ನು ಆಳುಗಳ ಮುಂದೆ ಬೈದರೆ ಆವತ್ತೇ ಜೀಪು ಹತ್ತಿಸಿಕೊಂಡು ಹೋಗುತ್ತಾನೆ. ಪಕ್ಕಕ್ಕೆ ಕರೆದು ‘ಉಳಿದ 21 ಜನಕ್ಕೆ ಕೆಲಸ ಇದೆ, ಈ ಹುಡುಗನಿಗೆ ಇಲ್ಲ’ ಎಂದು ಎರಡೇ ಮಾತು. ಆದರೂ ಅವನು ಹೋದರೆ? ಇಲ್ಲಿ ನಿಮಗೆ ತೋಟ ಗೊತ್ತೇ ಎಂಬುದು ಬಯಲಾಗುತ್ತದೆ. ಕಾಫಿಯಲ್ಲಿ ಎರಡು ಬಗೆ: ಅರೇಬಿಕಾ ಹಣ್ಣು ಹೆಚ್ಚು ಕಾಯುವುದಿಲ್ಲ, ಮಾಗಿದ ಮೇಲೆ ಉದುರುತ್ತದೆ. ರೊಬಸ್ಟಾ ಗಿಡದಲ್ಲೇ ಕೆಲವು ದಿನ ನಿಲ್ಲುತ್ತದೆ. ಆದ್ದರಿಂದ ‘ಇರುವ ಆಳನ್ನು ಅರೇಬಿಕಾ ಬ್ಲಾಕಿಗೆ ಹಾಕುತ್ತೇನೆ, ರೊಬಸ್ಟಾ ಒಂದು ವಾರ ಹಿಂದೆ ಬೀಳುತ್ತದೆ, ಅಷ್ಟು ನಷ್ಟ ಆಗುತ್ತದೆ ಸರ್’ ಎನ್ನಿ. ನಷ್ಟವನ್ನು ದಿನದ ಲೆಕ್ಕದಲ್ಲಿ ಹೇಳುವ ರೈಟರನ್ನು ಯಾವ ಮ್ಯಾನೇಜರೂ ಸುಲಭವಾಗಿ ಬಿಡುವುದಿಲ್ಲ.

ಕಾಫಿ ಖರೀದಿ ಮಾಡುವ ಕಡೆ ಗುಮಾಸ್ತರ ಕೆಲಸ. ‘ಧಣಿ ಔಟ್‌ಟರ್ನ್ ಒಂದು ಪಾಯಿಂಟ್ ಕಡಿಮೆ ಬರೆ ಎಂದರೆ?’ ಎಂದು ಕೇಳುತ್ತಾರಂತೆ. ಒಂದು ಪಾಯಿಂಟ್ ಅಷ್ಟು ದೊಡ್ಡದೇ?
— ಓದುಗರು, ಗೋಣಿಕೊಪ್ಪಲು

ಲೆಕ್ಕ ಹಾಕಿ ನೋಡಿ. 50 ಕೆಜಿ ರೊಬಸ್ಟಾ ಚೆರಿ (ಒಣಗಿಸಿದ ಹಣ್ಣು) ಚೀಲದಿಂದ 28 ಕೆಜಿ ಬೇಳೆ (ಸಿಪ್ಪೆ ತೆಗೆದ ಬೀಜ) ಬಂದರೆ ಔಟ್‌ಟರ್ನ್ 28. ಒಂದು ಪಾಯಿಂಟ್ ಕದ್ದರೆ ಚೀಲಕ್ಕೆ 1 ಕೆಜಿ ಬೇಳೆ ಹೋಯಿತು. ಬೆಳೆಗಾರ 100 ಚೀಲ ತಂದಿದ್ದರೆ 100 ಕೆಜಿ. ಈ ಲೆಕ್ಕವನ್ನು ಸಂದರ್ಶನದಲ್ಲಿ ಬಾಯಲ್ಲೇ ಮಾಡಿ ತೋರಿಸಿ, ನಂತರ ಹೇಳಿ: ‘ಬಂದದ್ದನ್ನೇ ಬರೆಯುತ್ತೇನೆ. ಈ ಲಾಟ್ ದುಬಾರಿಯಾಯಿತು ಎನಿಸಿದರೆ ದರದಲ್ಲಿ ಚೌಕಾಸಿ ಮಾಡೋಣ, ಅಳತೆಯಲ್ಲಿ ಬೇಡ. ಅನುಮಾನ ಇದ್ದರೆ ಬೆಳೆಗಾರರ ಎದುರೇ ಬೇರೆ ಚೀಲಗಳಿಂದ ಇನ್ನೊಂದು ಸ್ಯಾಂಪಲ್ ತೆಗೆಯೋಣ.’ ತೇವಾಂಶ ಮಾಪಕಕ್ಕೂ ತಕ್ಕಡಿಗೂ ಇದೇ ಉತ್ತರ. ದರ ಎಂಬುದು ಇಬ್ಬರೂ ನೋಡಿಕೊಂಡು ಒಪ್ಪುವಂಥದ್ದು, ಅಳತೆ ಒಬ್ಬರಿಗಷ್ಟೇ ಕಾಣುವಂಥದ್ದು, ವ್ಯತ್ಯಾಸ ಇಷ್ಟೇ.

ಪ್ರಶ್ನೆ ಕೇಳಿದ ತಕ್ಷಣ ಮಂಕು ಕವಿಯುತ್ತದೆ. ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲುತ್ತೇನೆ.
— ಓದುಗರು, ನಾಪೋಕ್ಲು

‘ಒಂದು ನಿಮಿಷ ಯೋಚಿಸಿ ಹೇಳುತ್ತೇನೆ’ ಎಂದು ಕೇಳಿ ಹದಿನೈದು ಸೆಕೆಂಡ್ ಸುಮ್ಮನಿರಿ. ಈ ಬಗೆಯ ಪ್ರಶ್ನೆಗೆ ತಟ್ಟನೆ ಉತ್ತರಿಸುವವರ ಮೇಲೆಯೇ ಅನುಮಾನ ಹೆಚ್ಚು. ‘ಇದೊಂದನ್ನು ಕನ್ನಡದಲ್ಲಿ ಹೇಳಬಹುದೇ’ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಇಂಗ್ಲಿಷ್ ಮಾತೇ ಆ ಕೆಲಸದ ಬಂಡವಾಳ ಆಗಿದ್ದರೆ ಮಾತ್ರ ಕೇಳಬೇಡಿ, ಸಣ್ಣ ವಾಕ್ಯಗಳಲ್ಲಿ ಹೇಳಿ.

ರೆಸಾರ್ಟ್ ಒಂದರ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಹುದ್ದೆಗೆ ಕರೆ ಬಂದಿದೆ. ‘ನಿಮ್ಮ ಕೈಕೆಳಗಿನ ಹುಡುಗಿ, ಒಬ್ಬ ಸೀನಿಯರ್ ಕಿರುಕುಳ ಕೊಡುತ್ತಾನೆ, ಯಾರಿಗೂ ಹೇಳಬೇಡಿ ಅಕ್ಕಾ ಎನ್ನುತ್ತಾಳೆ. ಹೇಳುತ್ತೀರೋ ಇಲ್ಲವೋ?’ ಎಂಬ ಪ್ರಶ್ನೆ ಬರುತ್ತದೆ ಎಂದು ಕೇಳಿದೆ.
— ಓದುಗರು, ಮಡಿಕೇರಿ

ಇದು ಈ ಸಲದ ಪತ್ರಗಳಲ್ಲೇ ಕಠಿಣ ಪ್ರಶ್ನೆ. ‘ತಕ್ಷಣ ಎಚ್‌ಆರ್‌ಗೆ ಹೇಳುತ್ತೇನೆ’ ಎಂದರೆ ಆ ಹುಡುಗಿಯ ನಂಬಿಕೆ ಮುರಿದಿರಿ. ‘ಗುಟ್ಟು ಕಾಯುತ್ತೇನೆ’ ಎಂದರೆ ಸೂಪರ್‌ವೈಸರ್ ಆಗಿ ಕೈಕಟ್ಟಿ ಕೂತಿರಿ.

ಉತ್ತರದ ಬುಡ ಇಲ್ಲಿದೆ: ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಮೊದಲೇ ಕೊಡಬೇಡಿ. ‘ನಿನಗೆ ತಿಳಿಸದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ, ಆದರೆ ನಿನ್ನ ಜೀವಕ್ಕೆ ಅಪಾಯ ಕಂಡರೆ ಸುಮ್ಮನಿರುವುದಿಲ್ಲ’ ಎನ್ನಿ. ಅಂದಿನಿಂದಲೇ ಅವಳ ಶಿಫ್ಟ್ ಆ ಮನುಷ್ಯನ ಜೊತೆ ಬೀಳದಂತೆ ಮಾಡುವುದು ನಿಮ್ಮ ಅಧಿಕಾರದಲ್ಲೇ ಇದೆ. ಆದರೆ ಅವಳ ಸಂಬಳ, ಟಿಪ್ಸ್ ಕಡಿಮೆಯಾಗುವ ಜಾಗಕ್ಕೆ ಹಾಕಬೇಡಿ. ಹಾಗಾದರೆ ಶಿಕ್ಷೆ ಅವಳಿಗೇ ಆಯಿತು. ಆಮೇಲೆ ಅವಳಿಗೆ ದಾರಿ ತಿಳಿಸುವುದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು; ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ನೆರವಾಗಬೇಕು. ಐದಾರು ಜನರ ಹೋಂಸ್ಟೇ ಆಗಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಆ 3 ತಿಂಗಳ ಗಡಿ ಅವಳಿಗೆ ಗೊತ್ತಿಲ್ಲದೆ ದಾಟಿಹೋಗದಂತೆ ನೋಡಿಕೊಳ್ಳುತ್ತೇನೆ ಎಂದು ಹೇಳಿದರೆ ಸಾಕು, ಎದುರಿನವರು ಪೆನ್ನು ಎತ್ತಿಕೊಳ್ಳುತ್ತಾರೆ.

‘ಆ ಸೀನಿಯರ್‌ನ ಕಪಾಳಕ್ಕೆ ಬಾರಿಸುತ್ತೇನೆ’ ಎಂಬ ಸಿನಿಮಾ ಉತ್ತರ ಬೇಡ. ‘ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುತ್ತೇನೆ’ ಎಂಬುದು ಅದಕ್ಕಿಂತ ಕೆಟ್ಟದ್ದು.

ಹಿಂದಿನ ಔಷಧ ಅಂಗಡಿಯಲ್ಲಿ ಅವಧಿ ಮೀರಿದ ಮಾತ್ರೆ ಮಾರಲು ಹೇಳುತ್ತಿದ್ದರು. ಬಿಟ್ಟೆ. ನಡುವೆ ಏಳು ತಿಂಗಳು ಕೆಲಸವಿಲ್ಲ. ‘ಯಾಕೆ ಬಿಟ್ಟಿರಿ’ ಎಂದರೆ ನಿಜ ಹೇಳಲೇ? ಆ ಏಳು ತಿಂಗಳನ್ನು ಹಳೆ ಕೆಲಸಕ್ಕೇ ಸೇರಿಸಿ ಬರೆಯಲೇ?
— ಓದುಗರು, ಸೋಮವಾರಪೇಟೆ

ಸೇರಿಸಬೇಡಿ. ನಿಮಗೆ ಪಿಎಫ್ ಕಟ್ಟುತ್ತಿದ್ದರೆ ಸೇರಿದ ಮತ್ತು ಬಿಟ್ಟ ದಿನಾಂಕ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ದಾಖಲೆಯಲ್ಲಿ ಇರುತ್ತದೆ, ದೊಡ್ಡ ಸಂಸ್ಥೆಗಳು ಮೊದಲು ನೋಡುವುದೇ ಅದನ್ನು. ಪಿಎಫ್ ಇಲ್ಲದಿದ್ದರೂ ಒಂದು ಫೋನ್ ಸಾಕು. ಪ್ರಾಮಾಣಿಕತೆಗಾಗಿ ಕೆಲಸ ಬಿಟ್ಟೆ ಎಂದು ಹೇಳಿ, ದಿನಾಂಕದಲ್ಲಿ ಸುಳ್ಳು ಸಿಕ್ಕರೆ ಉಳಿಯುವುದು ಏನು?

ಕಾರಣ ಹೇಳಿ, ಊರು-ಅಂಗಡಿ-ಹೆಸರು ಹೇಳಬೇಡಿ. ನಾಲ್ಕು ವಾಕ್ಯ ಸಾಕು: ‘ಸ್ಟಾಕ್ ನಿರ್ವಹಣೆಯಲ್ಲಿ ಒಂದು ವಿಷಯಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ಅವಧಿ ಮುಗಿದ ಪಟ್ಟಿಯನ್ನು ಪ್ರತ್ಯೇಕ ಇಡೋಣ ಎಂದು ಎರಡು ಸಲ ಹೇಳಿದೆ. ಬದಲಾಗಲಿಲ್ಲ, ಬಿಟ್ಟೆ. ಆ ಏಳು ತಿಂಗಳಲ್ಲಿ ಇಂಥದ್ದು ಕಲಿತೆ.’ ಹೆಸರು ಕೇಳಿ ಒತ್ತಾಯಿಸಿದರೆ ‘ನಾಳೆ ನಿಮ್ಮಲ್ಲಿಂದ ಹೋದರೂ ನಿಮ್ಮ ಒಳಗಿನ ವಿಷಯ ಹೊರಗೆ ಹೇಳುವುದಿಲ್ಲ’ ಎನ್ನಿ. ಹಳೆ ಧಣಿಯನ್ನು ಹತ್ತು ನಿಮಿಷ ಬೈದವರು ತಮ್ಮನ್ನೂ ಬೈಯುತ್ತಾರೆ ಎಂದು ಎದುರಿನವರಿಗೆ ಗೊತ್ತು. ಅಧಿಕಾರಿಗಳಿಗೆ ದೂರು ಕೊಡುವುದು ಬೇರೆ ಮಾತು. ಅದಕ್ಕೆ ಔಷಧ ನಿಯಂತ್ರಣ ಇಲಾಖೆ ಇದೆ, ಸಂದರ್ಶನದ ಕೋಣೆ ಅಲ್ಲ.

ಗುತ್ತಿಗೆದಾರರ ಕಚೇರಿಯಲ್ಲಿ ಕೇಳಿದರು: ‘ಬಿಲ್ ಪಾಸಾಗಲು ಪರ್ಸಂಟೇಜ್ ಕೇಳುತ್ತಾರೆ. ಕೊಡದಿದ್ದರೆ 30 ಜನರ ಸಂಬಳ ನಿಲ್ಲುತ್ತದೆ. ಏನು ಮಾಡುತ್ತೀರಿ?’ ಕೇಳಿದ ರೀತಿ ನೋಡಿದರೆ ಪರೀಕ್ಷೆಯೋ, ನಿಜಕ್ಕೂ ನನ್ನ ಕೈಯಲ್ಲಿ ಕೊಡಿಸುವ ಯೋಚನೆಯೋ ತಿಳಿಯಲಿಲ್ಲ.
— ಸಿವಿಲ್ ಡಿಪ್ಲೊಮಾ ಮುಗಿಸಿದವರು, ಪೊನ್ನಂಪೇಟೆ

ಎರಡಕ್ಕೂ ಉತ್ತರ ಒಂದೇ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವವರಿಗೂ 7 ವರ್ಷದವರೆಗೆ ಸೆರೆ ಇದೆ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ರಕ್ಷಣೆ. ‘ಧಣಿ ಕೊಡು ಎಂದರು’ ಎಂಬುದು ನಿಮ್ಮನ್ನು ಉಳಿಸುವುದಿಲ್ಲ. ಆದ್ದರಿಂದ: ‘ನನ್ನ ಕೈಯಿಂದ ಕೊಡುವುದಿಲ್ಲ. ಅಳತೆ ಪುಸ್ತಕ, ಫೋಟೊ, ಗುಣಮಟ್ಟದ ವರದಿ ಒಂದೂ ಬಾಕಿ ಇಲ್ಲದಂತೆ ಸಲ್ಲಿಸಿ ಸ್ವೀಕೃತಿ ಪಡೆಯುತ್ತೇನೆ. ನಂತರ ಮೇಲಿನ ಎಂಜಿನಿಯರ್‌ಗೆ ಲಿಖಿತ ನೆನಪೋಲೆ. ಅದಕ್ಕೂ ಆಗದಿದ್ದರೆ ಲೋಕಾಯುಕ್ತಕ್ಕೆ ಹೋಗುವ ನಿರ್ಧಾರ ನಿಮ್ಮದು, ಕಾಗದಪತ್ರ ನಾನು ತಯಾರಿಡುತ್ತೇನೆ. ಸಂಬಳ ಒಂದು ತಿಂಗಳು ತಡವಾಗಬಹುದು, ಅದನ್ನು ಕೆಲಸದವರಿಗೆ ಮೊದಲೇ ಹೇಳಬೇಕಾಗುತ್ತದೆ.’

ಪರೀಕ್ಷೆಯೋ ನಿಜವೋ ತಿಳಿಯಲು ನೀವೂ ಒಂದು ಪ್ರಶ್ನೆ ಕೇಳಿ: ‘ಹಿಂದೆ ಹೀಗಾದಾಗ ಈ ಕಚೇರಿಯಲ್ಲಿ ಏನು ಮಾಡಿದ್ದಿರಿ?’ ಪರೀಕ್ಷೆ ಮಾಡುತ್ತಿದ್ದವರು ಒಂದು ಘಟನೆ ಹೇಳುತ್ತಾರೆ. ಇಲ್ಲದವರು ‘ಅದೆಲ್ಲ ಸೇರಿದ ಮೇಲೆ ಗೊತ್ತಾಗುತ್ತೆ’ ಎಂದು ನಗುತ್ತಾರೆ. ಹಳೆ ಕಂಪನಿಯ ಗ್ರಾಹಕರ ಪಟ್ಟಿ ತರುತ್ತೀರಾ ಎಂದು ಕೇಳುವವರ ಬಳಿಯೂ ಇದೇ ಪ್ರಶ್ನೆ ಹಾಕಿ. ಆ ನಗು ಕಂಡರೆ ಸಂಬಳದ ಮಾತು ಎತ್ತುವ ಮೊದಲೇ ಕೈಮುಗಿದು ಹೊರಡಿ.